ಪ್ಲೈವುಡ್ಡಿನ ಅಂಚು
ವರ್ಕ್‌ಶಾಪ್‌ನಲ್ಲಿ ಪ್ಲೈವುಡ್ಡಿನ ಅಂಚಿಗೆ ಪಟ್ಟಿ ಅಂಟಿಸುವ ಎಡ್ಜ್ ಬ್ಯಾಂಡಿಂಗ್ ಮೆಷಿನ್ ಓಡುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. 18 ಎಂಎಂ ಪ್ಲೈವುಡ್‌ಗೆ 22 ಎಂಎಂ ಅಗಲದ ಪಿವಿಸಿ ಪಟ್ಟಿ. ಆ ಜಾಸ್ತಿ 4 ಎಂಎಂ ಸುಮ್ನೆ ಅಲ್ಲ, ಎರಡೂ ಕಡೆ ಟ್ರಿಮ್ ಮಾಡಲು ಬೇಕು. ನನಗೆ ಇಷ್ಟವಾಗುವುದು ಅಂಟು ಹಾಕುವ ಮುಂಚಿನ ಕೆಲಸ: ಪ್ರೀ-ಮಿಲ್ಲಿಂಗ್ ಕಟ್ಟರ್ ಅಂಚನ್ನು ಸ್ವಲ್ಪವೇ ಕೆರೆದು ಗರಗಸದ ಗುರುತನ್ನೆಲ್ಲ ತೆಗೆದುಬಿಡುತ್ತದೆ, ಆಮೇಲೆ 200 ಡಿಗ್ರಿ ಹತ್ತಿರ ಕಾದ ಹಾಟ್‌ಮೆಲ್ಟ್ ಅಂಟು, ಅದು ಆರುವುದರೊಳಗೆ ಪಟ್ಟಿಯನ್ನು ಒತ್ತುವ ರೋಲರ್‌ಗಳು. ಸಿಂಕ್ ಕೆಳಗಿನ ಬಾಗಿಲಿಗಾದರೆ ನಾನು ಪಿಯುಆರ್ (ಪಾಲಿಯುರೆಥೇನ್) ಅಂಟನ್ನೇ ಹೇಳುತ್ತೇನೆ, ಬೆಲೆ ಜಾಸ್ತಿ, ಆದರೆ ನೀರಿಗೆ ಅಷ್ಟು ಬೇಗ ಬಿಡುವುದಿಲ್ಲ. ಮನೆ ಕಟ್ಟಿಸುವವರು ಲ್ಯಾಮಿನೇಟ್ ಬಣ್ಣ ಆರಿಸಲು ಗಂಟೆಗಟ್ಟಲೆ ಕೂರುತ್ತಾರೆ. ಅಂಚಿನ ಬಗ್ಗೆಯೂ ಒಂದು ಮಾತು ಕೇಳಬೇಕು ಅಲ್ವಾ? ನೀರು ಒಳಗೆ ನುಗ್ಗುವುದು ಅಲ್ಲಿಂದಲೇ.