ಸೆಂಚುರಿ ಗ್ರಾಫಿಕ್‌ಗೆ ಮಸೂರ ಸಿಕ್ಕಿತು

ನನ್ನ ಸೆಂಚುರಿ ಗ್ರಾಫಿಕ್ ಎಂಬ ಹಳೆಯ ಪ್ರೆಸ್ ಕ್ಯಾಮೆರಾಕ್ಕೆ ಮಸೂರ ನಿರ್ಧಾರವಾಯಿತು: ಕೊಡಾಕ್ ಎಕ್ಟಾರ್, 101 ಮಿ.ಮೀ., ಎಫ್/4.5. ಮುಂಬಯಿಯ ಮಾಟುಂಗಾದಲ್ಲಿ ಆರ್ಟ್ ಡೆಕೊ ಶೈಲಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರಾಭಿವೃದ್ಧಿಗೆ ಹೋಗುತ್ತಿವೆ. ಉಳಿದವನ್ನಾದರೂ 6×9 ಸೆಂ.ಮೀ. ನೆಗೆಟಿವ್‌ನಲ್ಲಿ ಹಿಡಿದಿಡಬೇಕೆಂಬುದು ನನ್ನ ಹಟ. ಆ ಚೌಕಟ್ಟಿನ ಕರ್ಣ ಸುಮಾರು 100 ಮಿ.ಮೀ., ನಾಭಿದೂರ ಕರ್ಣದಷ್ಟಿದ್ದರೆ ನೋಟ ಸಹಜ, ಹಾಗಾಗಿ ನಾಭಿದೂರದ ಬಗ್ಗೆ ಗೊಂದಲವಿರಲಿಲ್ಲ.

ಗೊಂದಲವಿದ್ದದ್ದು ಎರಡು ಎಕ್ಟಾರ್‌ಗಳ ನಡುವೆ. ಇನ್ನೊಂದು 105 ಮಿ.ಮೀ., ಎಫ್/3.7. ಐದು ಗಾಜುಗಳ ರಚನೆ, ಅರ್ಧ ಸ್ಟಾಪ್‌ಗಿಂತ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ತುಸು ಹೆಚ್ಚು ಬೆಳಕು. ಹೆಸರು ಕೇಳಿದರೇ ಆಸೆಯಾಗುವ ಮಸೂರ. ಫೋರ್ಟ್‌ನ ಅಂಗಡಿಯಲ್ಲಿ ಶಟರನ್ನು ತೆರೆದೇ ಇಡುವ ‘ಟಿ’ಗೆ ಇಟ್ಟು ಹಿಂದಿನಿಂದ ಟಾರ್ಚ್ ಹಾಯಿಸಿದೆ: ಒಳಗಾಜಿನ ಮೇಲೆ ಮಂಜಿನಂಥ ಪೊರೆ, ಅಂಚಿನಲ್ಲಿ ಬೂಷ್ಟಿನ ಎಳೆಗಳು. ಮುಂಬಯಿಯ ಮಳೆಗಾಲ ಹಳೆಯ ಗಾಜನ್ನು ಸುಮ್ಮನೆ ಬಿಡುವುದಿಲ್ಲ. ಬೂಷ್ಟನ್ನು ಒರೆಸಬಹುದು, ಅದು ತಿಂದ, ಪ್ರತಿಫಲನ ತಡೆಯುವ ಲೇಪನವನ್ನು ಮರಳಿ ತರಲಾಗದು. ಬಿಳಿ ಆಕಾಶದೆದುರು ಬಾಲ್ಕನಿಗಳ ನೆರಳನ್ನು ಹಿಡಿಯಬೇಕಾದವನಿಗೆ ಆ ಪೊರೆಯೇ ಶತ್ರು. ಕಟ್ಟಡಗಳನ್ನು ಹೇಗೂ ಕಿಂಡಿ ಕಿರಿದು ಮಾಡಿ ಎಫ್/16ರಲ್ಲೇ ತೆಗೆಯುವವನಿಗೆ 3.7 ಏಕೆ?

101ರಲ್ಲಿ ನಾಲ್ಕೇ ಗಾಜು, ಟೆಸ್ಸಾರ್ ಎಂಬ ಹಳೆಯ ಮಸೂರದ ಮಾದರಿ. ಬೆಳಕನ್ನು ಪ್ರತಿಫಲಿಸುವ, ಗಾಳಿಗೆ ತೆರೆದ ಮೈಗಳು ಎರಡು ಮಸೂರಗಳಲ್ಲೂ ಆರೇ. 101ರ ಅಂಚಿನಲ್ಲಿ ಗಾಜುಗಳನ್ನು ಜೋಡಿಸಿದ ಅಂಟು ಬಿಟ್ಟ ಗುರುತಿಲ್ಲ. ವೃತ್ತದೊಳಗಿನ ‘ಎಲ್’ ಗುರುತು ಲೇಪನವಿರುವುದನ್ನು ಹೇಳುತ್ತದೆ. ಕ್ರಮಸಂಖ್ಯೆಯ ಮೊದಲ ಎರಡಕ್ಷರ ‘ಇಎಸ್’. ಕೊಡಾಕ್‌ನ ಸಂಕೇತದಲ್ಲಿ ಅದು 47. ಅಂದರೆ ನಮಗೆ ಸ್ವಾತಂತ್ರ್ಯ ಬಂದ ವರ್ಷದ ಗಾಜು. ಇದನ್ನು ತಿಳಿದಾಗ ಆದ ಸಂತೋಷ ಸಣ್ಣದಲ್ಲ.

ಸೆಂಚುರಿ ಗ್ರಾಫಿಕ್‌ನ ಒಡಲಲ್ಲಿ ಫೋಕಲ್ ಪ್ಲೇನ್ ಶಟರ್ (ಫಿಲ್ಮಿನ ಮುಂದೆಯೇ ಇರುವ ಶಟರ್) ಇಲ್ಲ. ಅದಿರುವ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಉಳ್ಳವರು ಶಟರೇ ಇಲ್ಲದ ಮಸೂರವನ್ನೂ ಕೂರಿಸಬಹುದು. ನನಗೆ ಮಸೂರದೊಂದಿಗೆ ಬರುವ ಶಟರೇ ಗತಿ. ಆದ್ದರಿಂದ ಗಾಜಿನಷ್ಟೇ ಹೊತ್ತನ್ನು ಶಟರ್‌ಗೂ ಕೊಟ್ಟೆ. ಮೊಬೈಲಿನಲ್ಲಿ ಸೆಕೆಂಡಿಗೆ 240 ಚೌಕಟ್ಟುಗಳ ವಿಡಿಯೊ ಮಾಡಿ, ಅಲಗುಗಳು ತೆರೆದಿದ್ದ ಚೌಕಟ್ಟುಗಳನ್ನು ಎಣಿಸಿದೆ. 1/25 ಸೆಕೆಂಡಿಗೆ ಒಂಬತ್ತು-ಹತ್ತು ಬರಬೇಕು, ಬಂತು. ನಿಧಾನದ ವೇಗಗಳು ಮಾತ್ರ ಎಳೆದಾಡುತ್ತಿವೆ, ಒಣಗಿದ ಎಣ್ಣೆಯ ಲಕ್ಷಣ. ಶಟರ್ ಬಿಚ್ಚಿ ಶುಚಿ ಮಾಡಲು ಕೊಟ್ಟಿದ್ದೇನೆ.

ಅದು ಬಂದ ಮೇಲೆ ದಾದರ್ ಚೌಪಾಟಿಗೆ ಹೋಗಿ, ಸೀ ಲಿಂಕ್‌ನ ಕೇಬಲ್‌ಗಳನ್ನು ಕ್ಯಾಮೆರಾ ಹಿಂದಿನ ಗ್ರೌಂಡ್ ಗ್ಲಾಸ್ (ಬಿಂಬ ಮೂಡುವ ಮಸುಕು ಗಾಜು) ಮೇಲೆ ಸ್ಪಷ್ಟಗೊಳಿಸಿ, ಹಳಿಯ ಮೇಲೆ ಮಸೂರವನ್ನು ಅತಿದೂರದ ಫೋಕಸ್‌ನಲ್ಲಿ ನಿಲ್ಲಿಸುವ ಇನ್ಫಿನಿಟಿ ತಡೆಗಳನ್ನು ಬಿಗಿಯಬೇಕು. ಕ್ಯಾಮೆರಾ ಪಕ್ಕದಲ್ಲಿರುವ, ದೂರ ಅಳೆಯುವ ಕಲಾರ್ಟ್ ರೇಂಜ್‌ಫೈಂಡರನ್ನು 101ಕ್ಕೆ ಹೊಂದಿಸುವುದು ಆಮೇಲೆ. ಕಟ್ಟಡಗಳಿಗೆ ಅದರ ಅಗತ್ಯವಿಲ್ಲ, ಟ್ರೈಪಾಡ್ ಮತ್ತು ಗ್ರೌಂಡ್ ಗ್ಲಾಸ್ ಸಾಕು. ಮೊದಲ ರೋಲ್‌ನ ಎಂಟು ಚಿತ್ರಗಳೂ ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತಲಿನ ಮನೆಗಳಿಗೇ ಮೀಸಲು.