ಗಾಜಿನ ಆಚೆ ಕೂತವ್ರು

ಇವತ್ತು ಶಿರಸಿಲಿ ಒಂದ್ ರೆಕಾರ್ಡಿಂಗ್‌ಗೆ ಸುಮ್ನೆ ಜೊತೆಗೆ ಹೋಗಿದ್ದೆ, ನಮ್ಮೂರ ಭಾಗವತ್ರ ಯಕ್ಷಗಾನ ಪದ್ಯ. ಚಂಡೆಯವ್ರನ್ನ ಬೇರೆ ರೂಮಲ್ಲಿ ಕೂರಿಸಿದ್ರು, ಇಲ್ದಿದ್ರೆ ಅದ್ರ ಸದ್ದೆಲ್ಲ ಭಾಗವತ್ರ ಮೈಕಿಗೇ ಬಂದ್ಬಿಡ್ತದೆ.

ನಾ ನೋಡ್ತಾ ಕೂತಿದ್ದು ರೆಕಾರ್ಡಿಂಗ್ ಡೈರೆಕ್ಟರ್‌ನ್ನ. ಒಂದೂ ಬಟನ್ ಮುಟ್ಲಿಲ್ಲ ಮಾರಾಯ್ರೇ, ಅದಕ್ಕೆ ಇಂಜಿನಿಯರ್ ಇದ್ದ. ಇವ್ರ ಕೈಲಿ ಪದ್ಯದ ಹಾಳೆ, ಒಂದ್ ಪೆನ್ಸಿಲ್, ಅಷ್ಟೇ. ಯಾವ ಟೇಕಲ್ಲಿ, ಅಂದ್ರೆ ಎಷ್ಟನೇ ಸಲ ಹಾಡಿ ರೆಕಾರ್ಡ್ ಮಾಡಿದ್ರಲ್ಲಿ, ಯಾವ ಸಾಲು ಚೆನ್ನಾಗ್ ಬಂತು, ಎಲ್ಲಿ ಉಸಿರು ಕೇಳ್ತು, ಎಲ್ಲಿ ಶ್ರುತಿ ಕೂದಲೆಳೆಯಷ್ಟು ಇಳೀತು, ಎಲ್ಲಾ ಅದ್ರಲ್ಲೇ ಗುರುತು, ಆಮೇಲೆ ಎಡಿಟ್ ಮಾಡೋನಿಗೆ ಆ ಹಾಳೆನೇ ದಾರಿ.

ಒಂದ್ ಟೇಕ್ ಮುಗೀತು. ಟಾಕ್‌ಬ್ಯಾಕಲ್ಲಿ, ಅಂದ್ರೆ ಗಾಜಿನ ಆಚೆಯಿಂದ ಹಾಡೋರ ಜೊತೆ ಮಾತಾಡೋ ಮೈಕಲ್ಲಿ, ಡೈರೆಕ್ಟರ್ "ಭಾಗವತ್ರೇ, ಇದು ಇಟ್ಕೊಳ್ವ, ಇನ್ನೊಂದ್ ಸಲ ನಿಮ್ ಖುಷಿಗೆ ಹೇಳಿ" ಅಂದ್ರು. ಆ ಖುಷಿಗೆ ಹೇಳಿದ್ದೇ ಕೊನೆಗೆ ಅಸಲಿ ಟೇಕ್ ಆಯ್ತು! ಇದನ್ನ ಯಾವ ಸಾಫ್ಟ್‌ವೇರ್ ಮಾಡ್ತದೆ ಹೇಳಿ.

1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್‌ಗೆ ಹಾಡಿದಾಗ ಒಂದ್ ಪ್ಲೇಟಿಗೆ ಸುಮಾರು 3 ನಿಮಿಷ, ಮೇಣದ ಮೇಲೆ ಕೊರೆದದ್ದು ಕೊರೆದದ್ದೇ, ನಡುವೆ ಒಂದ್ ಸಾಲು ಬದಲಿಸೋ ಹಂಗೇ ಇಲ್ಲ. ಈಗ ಎಷ್ಟ್ ಟೇಕ್ ಬೇಕಾದ್ರೂ ತಗೋಬಹುದು, ಅರ್ಧ ಸಾಲು ಬೇಕಾದ್ರೂ ಪಂಚ್ ಮಾಡ್ಬಹುದು, ಅಂದ್ರೆ ಅಷ್ಟನ್ನೇ ಮತ್ತೆ ಹಾಡ್ಸಿ ಅಲ್ಲೇ ಕೂರಿಸ್ಬಹುದು, ಹಾಗಾಗಿ ಸಾಕು ಅಂತ ಹೇಳೋ ಒಬ್ಬ ಮನುಷ್ಯ ಮೊದಲಿಗಿಂತ ಈಗ್ಲೇ ಜಾಸ್ತಿ ಬೇಕೇನೋ ಅನ್ನಿಸ್ತು ನಂಗೆ.

ಭಾಗವತ್ರಂತೂ ಮತ್ತೊಂದ್ ಟೇಕ್ ಕೇಳ್ತಾನೇ ಇದ್ರು. ಡೈರೆಕ್ಟರ್ ಹೆಡ್‌ಫೋನ್ ತೆಗೆದಿಟ್ಟು ಊಟಕ್ಕೆ ಎದ್ರು.