ಗಾಳಿಯ ಊರಿನಲ್ಲಿ ಗೋಡೆಗೆ ಗಾರೆ

ಚಿತ್ರದುರ್ಗ
ಜುಲೈ 14, 2024, ಭಾನುವಾರ

ಹಿಂದಿನ ಕೋಣೆಯ ಒಂದು ಗೋಡೆಗೆ ಇವತ್ತು ಗಾರೆ ಆಯಿತು. ಅಲ್ಲಿದ್ದ ಹಳೆಯ ಪ್ಲಾಸ್ಟರ್ ತಟ್ಟಿದರೆ ಡಬ್ ಡಬ್ ಅನ್ನುತ್ತಿತ್ತು. ಅಂದರೆ ಒಳಗೆ ಗೋಡೆಯನ್ನು ಬಿಟ್ಟಿದೆ ಅಂತ. ಹೋದ ವಾರ ಅದನ್ನೆಲ್ಲ ಉಳಿ, ಸುತ್ತಿಗೆ ಹಿಡಿದು ಕಿತ್ತೆವು. ಉಳಿದದ್ದು ಬರೀ ಸಿಮೆಂಟ್ ಬ್ಲಾಕು.

ಗಾರೆ ಕೆಲಸ ನನಗೆ ಹೊಸದು. ಹೇಳಿಕೊಟ್ಟವರು ಸೋದರಮಾವ. ಹೊಳಲ್ಕೆರೆ ಕಡೆ ಬಹಳ ವರ್ಷ ಮೇಸ್ತ್ರಿ ಆಗಿದ್ದವರು. ಈಗ ಮಂಡಿ ನೋವು. ಕುರ್ಚಿ ಹಾಕಿಕೊಂಡು ಕೂತು ಅವರು ಹೇಳಿದರು, ನಾನು ಮಾಡಿದೆ.

ಮಾವ ಕರಣೆ ಹಿಡಿಯುವುದನ್ನು ಕಲಿಸುವ ಮೊದಲು ಕೇಳಿದ್ದು ಒಂದೇ. "ಗೋಡೆಗೆ ನೀರು ಕುಡಿಸಿದ್ಯೇನೋ?"

ದಿನವಿಡೀ ನಡೆದದ್ದೂ ಅದೇ ಮಾತು. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಸೇರಿ. ಆ ನೀರನ್ನು ಒಳಗಿನಿಂದ ಬ್ಲಾಕು ಹೀರುತ್ತದೆ, ಹೊರಗಿನಿಂದ ಗಾಳಿ ಎಳೆಯುತ್ತದೆ. ನಮ್ಮ ದುರ್ಗದಲ್ಲಿ ಗಾಳಿಯ ಬಗ್ಗೆ ಯಾರಿಗೂ ಹೇಳಬೇಕಿಲ್ಲ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಅದರಲ್ಲೂ ಇದು ಆಷಾಢ. ಮೋಡ ಇರುತ್ತದೆ, ನಾಲ್ಕು ಹನಿ ಬೀಳುತ್ತದೆ, ಆದರೆ ಬೀಸುವ ಗಾಳಿಗೆ ಒದ್ದೆ ಬಟ್ಟೆ ನೋಡನೋಡುತ್ತ ಒಣಗುತ್ತದೆ. ಮೋಡ ಇದೆ ಅಂತ ಗಾರೆಗೆ ನೀರು ಕಡಿಮೆ ಮಾಡಬಾರದು ಅಂತ ಮಾವ ಒತ್ತಿ ಹೇಳಿದರು. ಬೆಳಿಗ್ಗೆ ಮೊದಲು ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದೆವು. ನಲ್ಲಿ ನೀರು ದಿನಾ ಬರಲ್ಲ, ಹಾಗಾಗಿ ಡ್ರಮ್ಮುಗಳನ್ನು ಮೊದಲೇ ತುಂಬಿಸಿ ಇಟ್ಟಿದ್ದೆ.

ಹಾಗಂತ ಬ್ಲಾಕನ್ನು ಇಟ್ಟಿಗೆಯಂತೆ ನೆನೆಸಬಾರದು. ಸಿಮೆಂಟ್ ಬ್ಲಾಕು ಜಾಸ್ತಿ ನೀರು ಕುಡಿದರೆ ಆಮೇಲೆ ಒಣಗುವಾಗ ಕುಗ್ಗುತ್ತದೆ. ಅದು ಕುಗ್ಗಿದರೆ ಮೇಲಿನ ಗಾರೆ ಬಿರುಕು ಬಿಡುತ್ತದೆ. ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈ ಇಟ್ಟು ನೋಡಬೇಕು. ತಂಪು ಅನ್ನಿಸಬೇಕು, ನೀರು ಹರಿಯಬಾರದು.

ಇದಕ್ಕೂ ಮುಂಚೆ, ಶುಕ್ರವಾರ, ತಂತಿ ಬ್ರಷ್ಷಿನಿಂದ ಗೋಡೆಯ ದೂಳು, ಬಿಳಿ ಉಪ್ಪು ಎಲ್ಲ ಉಜ್ಜಿ ತೆಗೆದಿದ್ದೆ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ದಪ್ಪ ಮರಳು ಹಾಕಿ, ತೆಳ್ಳಗೆ ಕಲಸಿ, ಗೋಡೆಯ ಮೇಲೆ ಎರಚಿದ್ದೆವು. ಅದನ್ನು ನಯ ಮಾಡುವುದಿಲ್ಲ, ಒರಟಾಗಿಯೇ ಬಿಡುತ್ತಾರೆ. ನಿನ್ನೆ ಅದಕ್ಕೂ ನೀರು ಹೊಡೆದೆ. ಇವತ್ತು ಕೈಯಾಡಿಸಿದರೆ ಮುಳ್ಳು ಮುಳ್ಳು. ಹೊಸ ಗಾರೆ ಕಚ್ಚಿಕೊಳ್ಳುವುದಕ್ಕೆ ಅದು ಬೇಕೇ ಬೇಕು.

ಒಳಗೋಡೆಯ ಗಾರೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ದಪ್ಪ 12 ಮಿಲಿಮೀಟರ್, ಅಂದರೆ ಅರ್ಧ ಇಂಚು. ಈ ಲೆಕ್ಕದಲ್ಲಿ ನೂರು ಚದರಡಿಗೆ 50 ಕೆಜಿಯ ಒಂದು ಮೂಟೆ ಸಿಮೆಂಟು ಇಟ್ಟುಕೊಂಡರೆ ಸಾಕು, ಸ್ವಲ್ಪ ಉಳಿಯುತ್ತದೆ. ಮರಳು ಮಾತ್ರ ಪ್ಲಾಸ್ಟರಿಂಗಿಗೆ ಅಂತಲೇ ಸಿಗುವ ಪಿ-ಸ್ಯಾಂಡ್ ತರಬೇಕು. ಅದನ್ನೂ ಜರಡಿ ಹಿಡಿದೆವು. ಒಣಗಿದ್ದಾಗಲೇ ಸಿಮೆಂಟು, ಮರಳು ಒಂದೇ ಬಣ್ಣಕ್ಕೆ ಬರುವ ತನಕ ತಿರುವಿ, ಆಮೇಲೆ ನೀರು. ನೀರು ಬಿದ್ದ ಮೇಲೆ ಅರ್ಧ ಗಂಟೆಯೊಳಗೆ ಆ ಕಲಸು ಗೋಡೆ ಸೇರಬೇಕು. ಹೊಸಬರ ಕೈ ನಿಧಾನ, ಅದಕ್ಕೇ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳುವುದು ಒಳ್ಳೆಯದು. ಬಿಗಿಯಾದ ಕಲಸಿಗೆ ಮತ್ತೆ ನೀರು ಹಾಕಿ ಸಡಿಲ ಮಾಡುವುದನ್ನು ಮಾವ ಒಪ್ಪುವುದೇ ಇಲ್ಲ.

ನೇರ ನೋಡಲು ತೂಗುಗುಂಡು ಬಿಟ್ಟು, ಎಷ್ಟು ದಪ್ಪ ಬೇಕು ಅನ್ನುವ ಗುರುತಿಗೆ ಅಲ್ಲಲ್ಲಿ ಸ್ವಲ್ಪ ಗಾರೆ ಅಂಟಿಸಿ, ಅದರ ಮಟ್ಟಕ್ಕೆ ಕರಣೆಯಿಂದ ಬೀಸಿ ಹೊಡೆದೆ. ಮೆತ್ತುವುದಲ್ಲ, ಹೊಡೆಯುವುದು. ಹೊಡೆದರೆ ಮಧ್ಯೆ ಗಾಳಿ ಉಳಿಯಲ್ಲ. ಅಲ್ಯೂಮಿನಿಯಂ ಪಟ್ಟಿಯನ್ನು ಅತ್ತ ಇತ್ತ ಆಡಿಸುತ್ತ ಕೆಳಗಿನಿಂದ ಮೇಲಕ್ಕೆ ಎಳೆದಾಗ ತಗ್ಗುಗಳು ತಾವೇ ಕಾಣುತ್ತವೆ.

ಆಮೇಲೆ ಕಾಯುವುದು. ಈ ಹೊತ್ತು ನನಗೆ ತುಂಬಾ ಹಿಡಿಸಿತು. ಬೆರಳು ಒತ್ತಿದರೆ ಸ್ವಲ್ಪವೇ ಗುರುತು ಬೀಳಬೇಕು, ಗಾರೆ ಬೆರಳಿಗೆ ಅಂಟಬಾರದು. ಆಗ ಗಾರೆ ನಯ ಮಾಡುವ ಮಣೆ ಹಿಡಿದು ಸುತ್ತಿ ಸುತ್ತಿ ಉಜ್ಜಬೇಕು. ಕಾಯಲಾರದೆ ಎಷ್ಟೋ ಕಡೆ ಒಣ ಸಿಮೆಂಟು ಎರಚಿ ನೀರು ಹೀರಿಸುತ್ತಾರೆ. ಅದು ತಪ್ಪು. ಮೇಲಿನ ಪದರದಲ್ಲಿ ಮಾತ್ರ ಸಿಮೆಂಟು ಜಾಸ್ತಿಯಾಗಿ, ಕೆಲವೇ ದಿನಗಳಲ್ಲಿ ಜೇಡರ ಬಲೆಯಂತೆ ಸಣ್ಣ ಬಿರುಕು ಬೀಳುತ್ತವೆ. ಗೋಡೆ ನಮ್ಮದು, ಆತುರ ಯಾಕೆ?

ನಾಳೆ ಬೆಳಿಗ್ಗೆಯಿಂದ ಕನಿಷ್ಠ ಏಳು ದಿನ ನೀರು ಹೊಡೆಯಬೇಕು. ನಾನು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನದ ಪಾಳಿ ಅಮ್ಮನದು. ಬಣ್ಣದ ಮಾತು ಸದ್ಯಕ್ಕಿಲ್ಲ, ಗಾರೆ ಪೂರ್ತಿ ಆರಬೇಕು.

ಮುಂದಿನ ಗೋಡೆಯಲ್ಲಿ ಕಾಂಕ್ರೀಟ್ ಪಿಲ್ಲರ್ ಇದೆ. ಪಿಲ್ಲರ್ರೂ ಬ್ಲಾಕೂ ಕೂಡುವ ಕಡೆ ಉದ್ದಕ್ಕೆ ಬಿರುಕು ಬರುವುದು ಜಾಸ್ತಿ. ಅಲ್ಲಿಗೆ ಕೋಳಿ ಜಾಲರಿ, ಅಂದರೆ ಕೋಳಿಗೂಡಿಗೆ ಹಾಕುವಂಥ ತಂತಿ ಬಲೆ, ಹೊಡೆದೇ ಗಾರೆ ಹಾಕಬೇಕಂತೆ. ನಾಳೆ ಸಂಜೆ ಗಾಂಧಿ ಸರ್ಕಲ್ ಕಡೆ ಹೋದಾಗ ಜಾಲರಿ, ಮೊಳೆ ಎರಡನ್ನೂ ತರಬೇಕು.